ಅಪ್ಪನ ಅರಿವೆ ವ್ಯಾಪಾರ, ನನ್ನ ಕಾರ್ಯತಂತ್ರದ ಪಾಠ

ಜಮಖಂಡಿಯಲ್ಲಿ ಎಂ.ಕಾಂ ಓದುತ್ತಿದ್ದಾಗ ನಮಗೆ ಕಾರ್ಯತಂತ್ರ ನಿರ್ವಹಣೆ ಎಂಬ ಒಂದು ಪತ್ರಿಕೆ ಇತ್ತು. ಒಂದು ಉದ್ಯಮ ತನ್ನ ಸುತ್ತಲಿನ ಜಗತ್ತನ್ನು ಹೇಗೆ ಅಳೆಯಬೇಕು, ಎಲ್ಲಿ ಕಾಲೂರಬೇಕು, ಯಾರ ಜೊತೆ ಸೆಣಸಬೇಕು, ಯಾವಾಗ ಜಾಗ ಖಾಲಿ ಮಾಡಬೇಕು ಎಂದು ಹೇಳಿಕೊಡುವ ವಿಷಯ ಅದು. ನಾವೆಲ್ಲ ಅದನ್ನು ಸ್ಟ್ರಾಟೆಜಿ ಎಂದೇ ಕರೆಯುತ್ತಿದ್ದೆವು. ನಾನು ಬನಹಟ್ಟಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ದಿನಾಲೂ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದೆ. ಮಾವನದು ಸೀರೆ ವ್ಯಾಪಾರ. ಅವನ ಮನೆಯ ಸುತ್ತಲೂ ಪವರ್‌ಲೂಮುಗಳು. ಆ ಸದ್ದಿನಲ್ಲಿ ಓದುವುದು ಮೊದಮೊದಲು ಕಷ್ಟವಾಯಿತು. ಆಮೇಲೆ ಕರೆಂಟು ಹೋಗಿ ಸದ್ದು ನಿಂತರೇ ತಲೆಗೆ ಏನೂ ಹತ್ತುತ್ತಿರಲಿಲ್ಲ.

ನಮ್ಮ ಊರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿತ್ತು. ಅಲ್ಲಿ ಅಪ್ಪನ ಅರಿವೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಸೀರೆ, ಕುಪ್ಪಸದ ಖಣ, ಧೋತರ, ರುಮಾಲು, ಮದುವೆಯಲ್ಲಿ ಉಡುಗೊರೆ ಕೊಡುವ ಆಹೇರಿಯ ಬಟ್ಟೆ, ಹೀಗೆ ಊರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಅಂಗಡಿಯ ಕಟ್ಟೆಯ ಮೇಲೆ ಪಕ್ಕದ ಮನೆಯ ರೈತ ಕಾಕಾ ಕೂತೇ ಇರುತ್ತಿದ್ದರು. ಕೊಳ್ಳಲು ಬಂದವರಿಗೆ ಬಣ್ಣದ ಬಗ್ಗೆ ತಮ್ಮ ಅಭಿಪ್ರಾಯ ಹೇಳುವುದು ಅವರ ಕೆಲಸ. ಅವರ ಹೆಂಡತಿ, ನಾವು ಕಾಕಿ ಎನ್ನುತ್ತಿದ್ದೆವು, ಮತ್ತು ಕುರುಬರ ಓಣಿಯ ಒಬ್ಬ ಮುದುಕಿ ಇಬ್ಬರೂ ಜೀವದ ಗೆಳತಿಯರು. ಒಬ್ಬಳಿಗೆ ಸೀರೆ ಬೇಕಾದರೆ ಇಬ್ಬರೂ ಬರುತ್ತಿದ್ದರು. ಖಣ ಆರಿಸಲು ಅರ್ಧ ದಿನ ಹಿಡಿಯುತ್ತಿತ್ತು.

ಮೊದಲನೆಯ ವರ್ಷದಲ್ಲೇ ಸರ್ ನಮಗೊಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಉದ್ಯಮ ಆರಿಸಿಕೊಂಡು ಅದರ ಮುಂದಿನ ದಾರಿಯನ್ನು ಬರೆಯಬೇಕು. ಗೆಳೆಯರೆಲ್ಲ ಸಕ್ಕರೆ ಕಾರ್ಖಾನೆ, ಸಿಮೆಂಟು, ನೂಲಿನ ವ್ಯಾಪಾರ ಎಂದು ದೊಡ್ಡ ದೊಡ್ಡವನ್ನೇ ಹಿಡಿದರು. ನಾನು ಅಪ್ಪನ ಅಂಗಡಿ ಎಂದಾಗ ಕ್ಲಾಸಿನಲ್ಲಿ ಒಂದಿಬ್ಬರು ನಕ್ಕರು. ಸರ್ ನಗಲಿಲ್ಲ. ಅವರು ವಯಸ್ಸಿನಲ್ಲಿ ನಮಗಿಂತ ಬಹಳ ದೊಡ್ಡವರಲ್ಲ, ಪುಸ್ತಕವನ್ನು ಮನಸ್ಸಿಟ್ಟು ನಂಬಿದವರು.

"ನಿಮ್ಮ ಊರು ಡ್ಯಾಮಿನ ನೀರಾಗ ಮುಳುಗಡೆ ಆಗೂದು ಐತಲ್ಲ?" ಎಂದು ಕೇಳಿದರು.

"ಹೌದ್ರಿ ಸರ್."

"ಹಂಗಾದರ ಅದನ್ನ ಬರೀ. ಇದಕ್ಕಿಂತ ಛಲೋ ಕೇಸು ಯಾರಿಗೂ ಸಿಗೂದಿಲ್ಲ."

ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೂ ಬಸ್ಸಿನಲ್ಲಿ ಬರುವಾಗ ಆ ಛಲೋ ಎಂಬ ಮಾತು ಎದೆಯಲ್ಲಿ ಎಲ್ಲೋ ಚುಚ್ಚುತ್ತಿತ್ತು.

ಆ ರವಿವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ತನ್ನ ಅಂಗಡಿಯ ಬಗ್ಗೆ ಮಗಳ ಕಾಲೇಜಿನಲ್ಲಿ ಓದುತ್ತಾರೆಂದು ಕಾಕಾಗೆ ಕೂಗಿ ಹೇಳಿದ. ಅಂದಿನಿಂದ ನಾನು ಬಂದಾಗಲೆಲ್ಲ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾದಿಯ ಮೇಲೆ ಕೂತು ಪುಸ್ತಕದಲ್ಲಿದ್ದುದನ್ನು ಅವನಿಗೆ ಕನ್ನಡದಲ್ಲಿ ಹೇಳುವುದು, ಅವನು ಪ್ರಶ್ನೆ ಹಾಕುವುದು ರೂಢಿಯಾಯಿತು. ವ್ಯಾಪಾರಗಳನ್ನು ನಾಲ್ಕು ಗುಂಪು ಮಾಡಿ ಒಂದಕ್ಕೆ ನಕ್ಷತ್ರ, ಒಂದಕ್ಕೆ ಹಾಲು ಕೊಡುವ ಆಕಳು, ಕೈಬಿಡಬೇಕಾದದ್ದಕ್ಕೆ ನಾಯಿ ಎಂದು ಹೆಸರಿಡುವ ಒಂದು ಪಾಠವಿದೆ. ಅದನ್ನು ಕೇಳಿ ಅಪ್ಪ ಬಿದ್ದು ಬಿದ್ದು ನಕ್ಕ.

"ನಾಯಿ ಅಂದ್ರ ದಂಡ ಅಂತಾನಾ? ಇದನ್ನ ಬರದಾಂವ ಮುಧೋಳ ನಾಯಿ ನೋಡಿಲ್ಲ ಬಿಡು. ಆಕಳ ಮಾರಿ ಆ ಮರಿ ತರಾವ್ರು ಅದಾರ ನಮ್ಮ ಕಡೆ."

ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಖಾನೆಗಳ ಪಾಠ ಬಂದಾಗ ಮಾತ್ರ ನಗಲಿಲ್ಲ. ನಾನು ಬರೆದದ್ದನ್ನು ಒಂದೊಂದಾಗಿ ಓದಿಸಿಕೊಂಡ. ಬಲದ ಖಾನೆಯಲ್ಲಿ 'ಗಿರಾಕಿಗಳ ನಂಬಿಕೆ' ಎಂದು ಬರೆದಿದ್ದೆ. ಅದಕ್ಕೆ ತಲೆಯಾಡಿಸಿದ.

"ನೀರನ್ನ ಯಾವ ಖಾನೇದಾಗ ಬರದಿ?"

"ಅಪಾಯದಾಗರಿ."

"ಅಪಾಯ ಅಂದ್ರ ಬಂದರ ಬರಬಹುದು, ಇಲ್ಲಂದ್ರ ಇಲ್ಲ. ಇದು ಬರೂದ ಐತಿ ಅವ್ವಾ. ಬರೂದಕ್ಕ ಒಂದು ಬ್ಯಾರೆ ಖಾನೆ ಇಲ್ಲೇನು?"

"ಇಲ್ಲರಿ ಅಪ್ಪಾ."

"ಹಂಗಾರ ಅಲ್ಲೇ ಇರ್ಲಿ."

ನನ್ನ ವರದಿಯಲ್ಲಿ ಮೂರು ದಾರಿ ತೋರಿಸಿದ್ದೆ. ಬೀಳಗಿ ಪೇಟೆಯಲ್ಲಿ ಹೊಸ ಅಂಗಡಿ ಇಡುವುದು. ಬನಹಟ್ಟಿಯಲ್ಲಿ ಮಾವನ ವ್ಯಾಪಾರದಲ್ಲಿ ಸೇರಿಕೊಳ್ಳುವುದು. ಊರಿನ ಹೆಚ್ಚು ಮಂದಿ ಹೋಗುವ ಪುನರ್ವಸತಿ ಕೇಂದ್ರದಲ್ಲಿ ಅಂಗಡಿ ಕಟ್ಟುವುದು. ಪ್ರತಿಯೊಂದರ ಒಳಿತು ಕೆಡುಕು ತೂಗಿ ಮೊದಲನೆಯದೇ ಸರಿ ಎಂದು ಬರೆದೆ. ಅವ್ವನಿಗೆ ತವರಿನ ಬನಹಟ್ಟಿಯೇ ಇಷ್ಟ. ಮಾವನೂ ಬಂದು, "ಭಾವಾರ, ನನಗೂ ಒಬ್ಬ ನಂಬಿಗಸ್ತ ಬೇಕು, ಬರ್ರಿ," ಎಂದು ಕರೆದ. ಅಪ್ಪ ಎಲ್ಲರ ಮಾತನ್ನೂ ಕೇಳಿಕೊಂಡ, ಯಾರಿಗೂ ಹೂಂ ಎನ್ನಲಿಲ್ಲ.

ಊರು ಎದ್ದ ದಿನಗಳನ್ನು ನಾನು ಪೂರ್ತಿ ನೋಡಲಿಲ್ಲ. ಪರೀಕ್ಷೆ ನಡೆದಿತ್ತು. ನಾನು ಬಂದಾಗ ಅರ್ಧ ಮನೆಗಳಿಗೆ ಬಾಗಿಲೂ ಇರಲಿಲ್ಲ, ತೊಲೆಯೂ ಇರಲಿಲ್ಲ. ಎಲ್ಲವನ್ನೂ ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದರು. ನಮಗೆ ಮೊದಲಿನಿಂದಲೂ ಒಂದು ನಂಬಿಕೆ, ಊರು ಹೋದರೂ ಮಂದಿ ಒಟ್ಟಿಗೆ ಇರುತ್ತಾರೆ ಎಂದು. ಹಾಗೆ ಆಗಲಿಲ್ಲ. ಪುನರ್ವಸತಿ ಕೇಂದ್ರಕ್ಕೆ ಹೋದವರು ಕೆಲವರು. ಕುರುಬರ ಓಣಿಯವರು ಕುರಿ ಮೇಯಲು ಜಾಗ ಬೇಕೆಂದು ಮೇಲಿನ ಕಲ್ಲುಗುಡ್ಡದ ಬದಿಗೆ ಹೋದರು. ಕೆಲವರು ಜಮಖಂಡಿ ಕಡೆ ಬೀಗರ ಊರು ಸೇರಿದರು. ಕಾಕಾ ಮತ್ತು ಕಾಕಿ, ಮಗ ಹೊಲ ಕೊಂಡಿದ್ದ ಮುಧೋಳ ತಾಲೂಕಿನ ರನ್ನ ಬೆಳಗಲಿಗೆ ಹೋದರು. ಕಾಕಿಯನ್ನು ಟ್ರ್ಯಾಕ್ಟರಿಗೆ ಹತ್ತಿಸುವಾಗ ಕುರುಬರ ಮುದುಕಿ ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದಳು. "ಬರ್ತೇನಬೇ, ಏನ್ ದೂರ ಐತಿ," ಎಂದಳು ಕಾಕಿ. ಇಬ್ಬರಿಗೂ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ.

ನಾವು ಬೀಳಗಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಅಂಗಡಿಯ ಮಾಲು ಮನೆಯ ಮುಂದಿನ ಕೋಣೆಯಲ್ಲಿ ಗಂಟುಗಂಟಾಗಿ ಕೂತಿತು. ಕೆಲವು ದಿನ ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದ. ಒಂದು ದಿನ ಹಳೆಯ ಸ್ಕೂಟರೊಂದನ್ನು ತಂದು ನಿಲ್ಲಿಸಿದ.

"ಗಿರಾಕಿ ಎಲ್ಲಿ ಅದಾರೋ ಅಲ್ಲಿಗೆ ನಾನ ಹೊಕ್ಕೇನಿ. ಇದು ನಿನ್ನ ಪುಸ್ತಕದಾಗ ಐತೇನು?"

ಇತ್ತು. ಮೊದಲೇ ಹಾಕಿದ ಯೋಜನೆಗಿಂತ ಕೆಲಸ ಮಾಡುತ್ತ ಮಾಡುತ್ತ ತಾನಾಗಿ ಮೂಡುವ ತಂತ್ರ ಎಷ್ಟೋ ಸಲ ಗಟ್ಟಿಯಾಗಿರುತ್ತದೆ ಎಂದು ಒಂದು ಅಧ್ಯಾಯವೇ ಇತ್ತು. ಅಪ್ಪ ದಿನಕ್ಕೊಂದು ದಿಕ್ಕು ಹಿಡಿದು ಗಂಟು ಕಟ್ಟಿಕೊಂಡು ಹೊರಡುತ್ತಿದ್ದ. ಮೊದಲ ವರ್ಷ ವ್ಯಾಪಾರ ನಾವು ಯಾರೂ ಎಣಿಸದಷ್ಟು ಚೆನ್ನಾಗಿ ನಡೆಯಿತು. ಹೊಸ ಜಾಗದಲ್ಲಿ ಅಂಗಡಿಯವರ ಪರಿಚಯವಿಲ್ಲದ ಜನ, ಹಬ್ಬ ಹುಣ್ಣಿವೆಗೆ ಅಪ್ಪನ ದಾರಿ ಕಾಯುತ್ತಿದ್ದರು. ನಾನು ವರದಿಗೆ ಇನ್ನೊಂದು ಭಾಗ ಸೇರಿಸಿದೆ. ಸರ್ ಅದನ್ನು ಇಡೀ ಕ್ಲಾಸಿಗೆ ಓದಿಸಿದರು. ಆವತ್ತು ನಕ್ಕಿದ್ದವರು ಈಗ ಬರೆದುಕೊಂಡರು. ಅಪ್ಪನಿಗೆ ಹೇಳಿದರೆ, "ನನ್ನ ಸ್ಕೂಟರ್ ಬಗ್ಗೆನೂ ಬರದೀ?" ಎಂದು ಕೇಳಿ ಮುಖ ಅರಳಿಸಿದ.

ದೀಪಾವಳಿಯ ರಜೆಯಲ್ಲಿ ನಾನು ಹಿಂದಿನ ಸೀಟಿನಲ್ಲಿ ಗಂಟು ಹಿಡಿದುಕೊಂಡು ಅವನ ಜೊತೆ ಹೋದೆ. ಕಲ್ಲುಗುಡ್ಡದ ಬದಿಯಲ್ಲಿ ತಗಡಿನ ಮನೆಗಳು. ಕುರುಬರ ಮುದುಕಿ ಉಣ್ಣೆ ನೂಲುತ್ತ ಹೊರಗೆ ಕೂತಿದ್ದಳು. ಅಪ್ಪ ಗಂಟು ಬಿಚ್ಚತೊಡಗಿದ. ಅವಳು ಕೈ ಅಡ್ಡ ಹಿಡಿದಳು.

"ಸಾವ್ಕಾರ್ರ, ಅರಿವಿ ಇರ್ಲಿ. ನನ್ನ ಗೆಳತಿ ಹೆಂಗದಾಳ ಅದನ್ನ ಮದ್ಲ ಹೇಳ್ರಿ."

"ಛಲೋ ಅದಾಳಬೇ. ಮೊಣಕಾಲ ನೋವು ಅಂತಾಳ. ಮೊಮ್ಮಗಳನ್ನ ತೊಟ್ಟಲಾಗ ಹಾಕಿದ್ರು. ನಿನ್ನ ನೆನಿಸಿದಳು."

"ಅಲ್ಲಿ ನೀರು ಹೆಂಗೈತಂತ?"

"ಸವಳ ನೀರು ಅಂತ, ಉಪ್ಪುಪ್ಪು."

"ಅಯ್ಯ ನನ್ನವ್ವ, ಹೊಳಿ ನೀರು ಕುಡದಾಕಿ," ಎಂದು ಮುದುಕಿ ನೂಲು ಕೆಳಗಿಟ್ಟಳು. ಆಮೇಲೆ ಒಂದು ಖಣ ಆರಿಸಿ, ಅದನ್ನು ಕಾಕಿಗೆ ಕೊಡಬೇಕೆಂದು ಅಪ್ಪನ ಕೈಯಲ್ಲೇ ತಿರುಗಿ ಇಟ್ಟಳು.

ಆ ದಿನ ಎಲ್ಲ ಮನೆಗಳಲ್ಲೂ ಹೀಗೆಯೇ ಆಯಿತು. ಯಾರ ಮಗಳ ಲಗ್ನ ಗೊತ್ತಾಯಿತು, ಯಾರ ಎಮ್ಮೆ ಈಯಿತು, ಯಾರು ಹಾಸಿಗೆ ಹಿಡಿದರು ಎಂದು ಕೇಳುತ್ತಿದ್ದರು. ಅಪ್ಪ ಎಲ್ಲವನ್ನೂ ನೆನಪಿಟ್ಟು ಹೇಳುತ್ತಿದ್ದ. ನನ್ನ ವರದಿಯಲ್ಲಿ ಅವನು ಅರಿವೆ ಒಯ್ಯುತ್ತಿದ್ದ. ಆ ಮನೆಗಳಲ್ಲಿ ಅವನು ಇಳಿಸುತ್ತಿದ್ದುದು ಉಳಿದವರ ಸುದ್ದಿಯನ್ನು.

ಊರಿನ ಮೇಲೆ ನೀರು ನಿಂತ ಎರಡು ಮೂರು ವರ್ಷಗಳಲ್ಲಿ ನಮ್ಮ ಊರಿನ ಮುದುಕರು ಒಬ್ಬೊಬ್ಬರಾಗಿ ಹೋಗತೊಡಗಿದರು. ಹೊಸ ನೀರು ಒಗ್ಗಲಿಲ್ಲ ಎಂದರು ಕೆಲವರು, ಮನಸ್ಸು ಒಗ್ಗಲಿಲ್ಲ ಎಂದರು ಕೆಲವರು. ವಯಸ್ಸಾಗಿತ್ತು, ಅಷ್ಟೇ ಇರಬಹುದು. ಅಪ್ಪನ ಬಾಯಲ್ಲಿ ತೊಟ್ಟಿಲು, ಲಗ್ನದ ಸುದ್ದಿ ಕಡಿಮೆಯಾಗಿ ಸಾವಿನ ಸುದ್ದಿ ಹೆಚ್ಚಾಯಿತು. ಆಗ ನಾನು ಓದು ಮುಗಿಸಿ ಜಮಖಂಡಿಯಲ್ಲೇ ಪಾಠ ಮಾಡಲು ಸೇರಿದ್ದೆ. ಪರೀಕ್ಷೆಯಲ್ಲಿ 'ಕಾರ್ಯತಂತ್ರ ನಿರ್ವಹಣೆಯ ಮಿತಿಗಳು' ಎಂಬ ಪ್ರಶ್ನೆಗೆ ಉತ್ತರ ಬರೆದು ಪಾಸಾಗಿದ್ದೆ. ಮುಂದೇನಾಗುತ್ತದೆಂದು ಖಚಿತವಾಗಿ ಹೇಳಲಾಗದು, ಸಮಯ ಹೆಚ್ಚು ಬೇಕು, ಜಾರಿಗೆ ತರುವುದು ಕಷ್ಟ. ಈಗ ಅದೇ ಉತ್ತರವನ್ನು ಹುಡುಗರಿಗೆ ಬರೆಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಕಾಕಿ ತೀರಿಕೊಂಡಳು. ಅಪ್ಪ ಬೆಳಗಲಿಗೆ ಹೋದಾಗಲೇ ಅವನಿಗೂ ತಿಳಿದದ್ದು. ಮರುದಿನ ನಾನೂ ಮನೆಯಲ್ಲಿದ್ದೆ. ಕಲ್ಲುಗುಡ್ಡಕ್ಕೆ ಒಬ್ಬನೇ ಹೋಗಲು ಅವನಿಗೆ ಮನಸ್ಸಾಗಲಿಲ್ಲ. "ನೀನೂ ಬಾ," ಎಂದ. ಗಂಟನ್ನು ಕಟ್ಟಿಕೊಂಡೇ ಹೋದೆವು.

ಮುದುಕಿ ನಮ್ಮನ್ನು ನೋಡಿ ಚಾಪೆ ಹಾಸಿದಳು. ಅಪ್ಪ ಕೂರಲಿಲ್ಲ.

"ನಿನ್ನ ಗೆಳತಿ ಹೋದಳಬೇ," ಎಂದ.

"ಎಲ್ಲಿಗಿ ಹೋದಳು?"

ಮುದುಕಿ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅಳಲಿಲ್ಲ. ತಡೆದು ತಡೆದು ಕೇಳಿದಳು, "ಮಣ್ಣಿಗಿ ನಮ್ಮೂರಾವ್ರು ಯಾರ್ ಇದ್ರು?"

"ಯಾರೂ ಇರ್ಲಿಲ್ಲ. ನನಗ ತಿಳಿಯೂದ್ರಾಗ ವಾರ ದಾಟಿತ್ತು."

"ಒಬ್ಬರೂ?"

"ಒಬ್ಬರೂ ಇಲ್ಲ."

ಆಗ ಅತ್ತಳು. ಓಣಿಯ ಹೆಂಗಸರು ಬಂದು ಕೂತರು. ನಾವು ಬಹಳ ಹೊತ್ತು ಅಲ್ಲೇ ಇದ್ದೆವು. ಎದ್ದಾಗ ಒಬ್ಬ ಸೊಸೆ ಮೆಲ್ಲಗೆ ನನ್ನನ್ನು, "ಕೂಸಿಗೆ ಅಂಗಿ ಅರಿವಿ ಬೇಕಾಗಿತ್ತರೀ," ಎಂದು ಕೇಳಿದಳು. ನಾನು ಅಪ್ಪನ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿ ಸ್ಕೂಟರಿನ ಕಡೆ ನಡೆದ. ದಾರಿಯಲ್ಲಿ ಹೇಳಿದ: "ಸತ್ತ ಸುದ್ದಿ ಹೇಳಿ ಅಲ್ಲೇ ಕುಂತು ಗಂಟು ಬಿಚ್ಚಾಕ ನನ್ನ ಕೈ ಬರೂದಿಲ್ಲವ್ವಾ."

ಹಿನ್ನೀರಿನ ಹತ್ತಿರ ಗಾಡಿ ನಿಲ್ಲಿಸಿ ಒಂದು ಕಲ್ಲಿನ ಮೇಲೆ ಕೂತ. ನೀರಿನ ಆಚೆ ಏನೂ ಕಾಣುತ್ತಿರಲಿಲ್ಲ. ನಮ್ಮ ಊರು ಯಾವ ಕಡೆಗಿತ್ತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವ್ವ ಮಾಡಿಟ್ಟ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಅಂಥ ಸಂಜೆಗಳು ಅಪ್ಪನಿಗೆ ಬಹಳ ಬಂದುಹೋಗಿದ್ದವು ಎಂದು ಅವ್ವ ಆಮೇಲೆ ಹೇಳಿದಳು. ಅವನು ಸೊರಗಿದ್ದು ನನಗೆ ಆಗ ಅರ್ಥವಾಯಿತು.

ವ್ಯಾಪಾರ ಇಳಿಯುತ್ತಲೇ ಹೋಯಿತು. ಸುದ್ದಿ ಹೇಳಿದ ಓಣಿಗೆ ಅರಿವೆ ಮಾರಲು ಇನ್ನೊಂದು ದಿನ ಹೋಗುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಸಾವಿನ ಸುದ್ದಿ ಸಿಕ್ಕಿರುತ್ತಿತ್ತು. ಪುನರ್ವಸತಿ ಕೇಂದ್ರದಲ್ಲಿ ಒಬ್ಬ ಹೆಣ್ಣುಮಗಳು, "ಸಾವ್ಕಾರ್ರ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ನಿಮ್ಮ ಗಾಡಿ ಸಪ್ಪಳಾ ಕೇಳಿದ್ರ ಎದಿ ಧಸ್ ಅಂತೈತಿ," ಎಂದಳಂತೆ. ಅದನ್ನು ಅಪ್ಪ ಮನೆಯಲ್ಲಿ ನಗುತ್ತ ಹೇಳಿದ, ಹೇಳಿ ಎದ್ದು ಒಳಗೆ ಹೋದ.

ನಾನು ಒಂದು ರವಿವಾರ ಗಟ್ಟಿ ಮನಸ್ಸು ಮಾಡಿ ಹೇಳಿದೆ.

"ಅಪ್ಪಾ, ಇದನ್ನ ಇನ್ನ ಬಿಡ್ರಿ."

"ಪುಸ್ತಕದಾಗ ಏನ್ ಹೇಳ್ಯಾರ?"

"ನಷ್ಟದ ವ್ಯಾಪಾರದಿಂದ ಲಗೂನ ಹೊರಗ ಬರಬೇಕಂತ ಹೇಳ್ಯಾರ್ರಿ."

"ಹೊರಗ ಬರಾಕ ಏನೇನ ಅಡ್ಡ ಬರ್ತಾವಂತ?"

"ಮಷೀನು, ಕಟ್ಟಡ, ಆಳುಗಳ ಪಗಾರ..."

"ನನಗ ಮಷೀನಿಲ್ಲ. ಕಟ್ಟಡ ನೀರಾಗ ಹೋತು. ಆಳಂತೂ ಮದ್ಲ ಇರ್ಲಿಲ್ಲ. ಸಲೀಸ ಹೊರಗ ಬರಬೇಕ ನೋಡು ನಾನು." ಸ್ವಲ್ಪ ನಕ್ಕ. ಆಮೇಲೆ ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನು ನೋಡುತ್ತ, "ನಾ ಹೋಗಲಿಲ್ಲಂದ್ರ ಯಾರ ಅದಾರ, ಯಾರ ಹೋದ್ರು, ಅವರಿಗಿ ಹೆಂಗ ತಿಳೀಬೇಕು?" ಎಂದ.

ಕಪ್ಪು ಕೆಳಗಿಟ್ಟು ಎದ್ದೆ. ಸಿಟ್ಟು ಬಂದಿತ್ತು. ಅವನ ಮೇಲೋ, ನೀರಿನ ಮೇಲೋ, ನಾನು ದಿನಾಲೂ ಬೋರ್ಡಿನ ಮೇಲೆ ಬರೆಯುವ ಖಾನೆಗಳ ಮೇಲೋ ಎಂದು ಇವತ್ತಿಗೂ ಹೇಳಲಾರೆ.

ಅಪ್ಪ ಹೋದದ್ದು ಶ್ರಾವಣದಲ್ಲಿ. ಬೆಳಿಗ್ಗೆ ಬಸದಿಗೆ ಹೋಗಿಬಂದು, ಎದೆ ಹಿಡಿದಂತಾಗುತ್ತದೆ ಎಂದು ಗೋಡೆಗೆ ಒರಗಿ ಕೂತನಂತೆ. ಬಾಗಲಕೋಟೆಯ ಆಸ್ಪತ್ರೆಗೆ ಒಯ್ಯಲು ಗಾಡಿ ಬರುವುದರೊಳಗೆ ಮುಗಿದಿತ್ತು. ನಾನು ಜಮಖಂಡಿಯಿಂದ ಬರುವಷ್ಟರಲ್ಲಿ ಮಾವ ಬನಹಟ್ಟಿಯಿಂದ ಬಂದು ಎಲ್ಲ ನೋಡಿಕೊಳ್ಳುತ್ತಿದ್ದ. ನನ್ನ ಮದುವೆ ನಿಶ್ಚಯವಾಗಿದ್ದ ತೇರದಾಳದ ಬೀಗರಿಗೆ, ಅಕ್ಕಪಕ್ಕದ ಊರುಗಳ ಸಂಬಂಧಿಕರಿಗೆ ಫೋನು ಹೋಗಿತ್ತು.

"ಹಳೇ ಊರಾವ್ರಿಗಿ?" ಎಂದು ಮಾವ ನನ್ನನ್ನು ಕೇಳಿದ.

ನಾನು ಅವ್ವನನ್ನು ನೋಡಿದೆ. ಅವ್ವ ನನ್ನನ್ನು ನೋಡಿದಳು. ಯಾರು ಯಾವ ಓಣಿಯಲ್ಲಿದ್ದಾರೆ, ಯಾರ ಮನೆಯ ಹತ್ತಿರ ಫೋನಿದೆ, ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಾನು ಕಂಡಿದ್ದ ಕಲ್ಲುಗುಡ್ಡದಲ್ಲಿ ಫೋನೇ ಇರಲಿಲ್ಲ. ಅದೆಲ್ಲ ಗೊತ್ತಿದ್ದವನು ನಮ್ಮ ಮುಂದೆ ಮಲಗಿದ್ದ. ನಮ್ಮೂರಿನ ಸಾವುಗಳನ್ನು ಊರೂರಿಗೆ ಒಯ್ದವನ ಸಾವನ್ನು ಒಯ್ಯಲು ಯಾರೂ ಇರಲಿಲ್ಲ. ಮಳೆ ಜಿನುಗುತ್ತಿತ್ತು. ಹೆಚ್ಚು ಹೊತ್ತು ಕಾಯುವಂತಿರಲಿಲ್ಲ. ಸಂಬಂಧಿಕರು, ಬೀಳಗಿಯ ನೆರೆಹೊರೆಯವರು ಸೇರಿ ಹೊತ್ತು ಮುಳುಗುವ ಮೊದಲೇ ಕೆಲಸ ಮುಗಿಸಿದರು. ನಮ್ಮ ಊರಿನವರು ಒಬ್ಬರೂ ಇರಲಿಲ್ಲ.

ದಸರೆ ದಾಟಿದ ಮೇಲೆ ಒಂದು ಮಧ್ಯಾಹ್ನ ಕುರುಬರ ಮುದುಕಿ ಮನೆಯ ಬಾಗಿಲಿಗೆ ಬಂದಳು. ಮೊಮ್ಮಗಳ ಕೈ ಹಿಡಿದುಕೊಂಡು, ಬಸ್ಸಿಳಿದು ನಾಲ್ಕಾರು ಕಡೆ ವಿಚಾರಿಸುತ್ತ ಬಂದಿದ್ದಳು. ನನ್ನನ್ನು ನೋಡಿದ ಕೂಡಲೇ ದನಿ ಏರಿಸಿದಳು.

"ಎಲ್ಲದಾನ ನಿಮ್ಮಪ್ಪ? ಹಬ್ಬಾ ಹೋತು, ಇತ್ಲಾಗ ಹಣಿಕಿ ಹಾಕಲಿಲ್ಲ. ಅರಿವಿ ತರದಿದ್ರ ಹೋಗ್ಲಿ, ನಮ್ಮನ್ನೂ ಮರೀಬೇಕೇನು?"

ಅವ್ವ ಒಳಗಿನಿಂದ ಬಂದು ಕದ ಹಿಡಿದು ನಿಂತಳು. ಅವಳ ಬರಿಯ ಹಣೆ ಕಂಡು ಮುದುಕಿಯ ಮಾತು ನಿಂತಿತು. ಆದರೂ ಯಾರಾದರೂ ಬಾಯಿಬಿಟ್ಟು ಹೇಳಲಿ ಎಂಬಂತೆ ನನ್ನ ಕಡೆಗೇ ನೋಡಿದಳು. ನಾನು ಹೇಳಿದೆ. ಅಷ್ಟು ಸಣ್ಣ ಮಾತನ್ನು ಎರಡು ಸಲ ಶುರು ಮಾಡಬೇಕಾಯಿತು. ಇದನ್ನು ಅಪ್ಪ ಓಣಿ ಓಣಿಯಲ್ಲಿ ನಿಂತು ಹೇಗೆ ಹೇಳಿದನೋ.

ಹೋಗುವಾಗ ಮುದುಕಿ, "ಉಳದಾವ್ರಿಗಿ ಗೊತ್ತೈತಿಲ್ಲೋ?" ಎಂದಳು.

ಕಾಲೇಜಿಗೆ ರಜೆ ಹಾಕಿ ನಾನು ಹೊರಟೆ. ಪುನರ್ವಸತಿ ಕೇಂದ್ರಕ್ಕೆ ಹೋದೆ, ಅಲ್ಲಿ ವಿಳಾಸ ಕೇಳಿಕೊಂಡು ಜಮಖಂಡಿ ಕಡೆಯ ಊರುಗಳಿಗೆ ಹೋದೆ. ಸ್ಕೂಟರು ನಡೆಸಲು ನನಗೆ ಬರುತ್ತಿರಲಿಲ್ಲ, ಬಸ್ಸಿನಲ್ಲೇ ಹೋಗಿಬಂದೆ. ಹೋದಲ್ಲೆಲ್ಲ ಅಪ್ಪನ ಸುದ್ದಿ ಹೇಳಿದೆ. ಅಳು ಮುಗಿದ ಮೇಲೆ ಅವರು ಅವರವರ ಮನೆಯ ಸುದ್ದಿ ಹೇಳಿದರು, ಉಳಿದವರದನ್ನು ಕೇಳಿದರು. ಎದೆ ಧಸ್ ಎನ್ನುತ್ತದೆ ಎಂದಿದ್ದ ಹೆಣ್ಣುಮಗಳು ನನ್ನ ಕೈ ಹಿಡಿದುಕೊಂಡು ಬಸ್ಸು ಬರುವವರೆಗೂ ಬಿಡಲಿಲ್ಲ.

ಕೊನೆಗೆ ಮುಧೋಳದಲ್ಲಿ ಬಸ್ಸು ಬದಲಿಸಿ ರನ್ನ ಬೆಳಗಲಿಗೆ ಹೋದೆ. ಕಾಕಾ ಹೊಲದ ಮನೆಯ ಮುಂದೆ, ಬೇವಿನ ನೆರಳಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದರು. ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದರು.

"ಒಬ್ಬಾಕೇ ಬಂದೀಯಲ್ಲವಾ," ಎಂದವರಿಗೆ ಅಲ್ಲಿಗೇ ತಿಳಿದುಹೋಯಿತು. ನಾನು ಮಂಚದ ತುದಿಗೆ ಕೂತೆ. ಅವರು ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಸೊಸೆ ನೀರು ತಂದು ಕೊಟ್ಟಳು. ಕುಡಿದೆ, ಸವಳು ನೀರೇ.

ಆಮೇಲೆ ಕಾಕಾ ಒಬ್ಬೊಬ್ಬರನ್ನೇ ಕೇಳಿದರು. ನಾನು ಹಿಂದಿನ ದಿನಗಳಲ್ಲಿ ಕೇಳಿ ತಿಳಿದದ್ದನ್ನು ಹೇಳಿದೆ. ಯಾರ ಮಗನಿಗೆ ನೌಕರಿ ಆಯಿತು, ಯಾರು ಮನೆಯ ಮೇಲೆ ಮನೆ ಕಟ್ಟಿದರು, ಯಾರು ಹೋದರು. ಕುರುಬರ ಮುದುಕಿ ಹೇಗಿದ್ದಾಳೆ ಎಂದು ಎರಡು ಸಲ ಕೇಳಿದರು.

ಬಸ್ಸಿನ ಹೊತ್ತಾಗಿತ್ತು. ಎದ್ದು ಕಾಲಿಗೆ ನಮಸ್ಕಾರ ಮಾಡಿದೆ.

"ಇನ್ನ ಮ್ಯಾಲೆ ನೀ ಬರ್ತಿಯೇನವಾ?" ಎಂದು ಕೇಳಿದರು.

ಬರುತ್ತೇನೆ ಎನ್ನುವುದು ಸುಲಭವಿತ್ತು. ಕಾಲೇಜು, ಅವ್ವ, ನಿಶ್ಚಯವಾಗಿದ್ದ ನನ್ನ ಮದುವೆ, ಎಲ್ಲ ಕಣ್ಣ ಮುಂದೆ ಬಂದವು.

"ಇಲ್ಲರೀ ಕಾಕಾ. ಬರಾಕ ಆಗೂದಿಲ್ಲ."

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಆತು," ಎಂದರು. ಕೈ ಚಾಚಿ ನನ್ನನ್ನು ಮತ್ತೆ ಮಂಚದ ಮೇಲೆ ಕೂರಿಸಿಕೊಂಡರು.

"ಹಂಗಾರ ಎಲ್ಲಾರದೂ ಇನ್ನೊಮ್ಮೆ ಹೇಳು. ಸಾವಕಾಶ ಹೇಳು."

ಬಸ್ಸು ಹೋಗುವ ಸದ್ದು ರಸ್ತೆಯಲ್ಲಿ ಕೇಳಿಸಿತು. ನಾನು ಮೊದಲಿನಿಂದ ಶುರು ಮಾಡಿದೆ.